‘ಮಿಸ್, ನಾನು ಸರಿ ಇದ್ದೀನಾ?’

ನಮ್ಮ ಶಾಲೆಯ ಏಳನೇ ತರಗತಿಯಲ್ಲಿ, ಕಿಟಕಿ ಪಕ್ಕದ ಕಪಾಟಿನ ಮೇಲೆ ಒಂದು ಶೂ ಡಬ್ಬ ಇದೆ. ಮುಚ್ಚಳದಲ್ಲಿ ಬ್ಲೇಡಿನಿಂದ ಕೊರೆದ ಉದ್ದನೆಯ ಸೀಳು. ಮೈ ಬೆಳೆಯುವುದರ ಬಗ್ಗೆ ಏನು ಕೇಳಬೇಕಿದ್ದರೂ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಿ, ಹೆಸರು ಬೇಡ ಎಂದು ಹೇಳಿದ್ದೆ. ಮೊದಲ ವಾರ ತೆಗೆದು ನೋಡಿದರೆ ಒಂದು ಚಾಕೊಲೇಟ್ ಕಾಗದ ಬಿಟ್ಟು ಏನೂ ಇರಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ಡಬ್ಬದ ಹತ್ತಿರ ಯಾರು ಎದ್ದು ಹೋಗುತ್ತಾರೆ ಎಂದು ಇಡೀ ತರಗತಿ ನೋಡುತ್ತಿರುತ್ತದೆ, ಅಲ್ವಾ? ಹಾಗಾಗಿ ನಿಯಮ ಬದಲಿಸಿದೆ. ಶನಿವಾರ ಬೆಳಗ್ಗೆ ಎಲ್ಲರೂ ಒಂದೊಂದು ಚೀಟಿ ಹಾಕಲೇಬೇಕು. ಕೇಳುವುದು ಏನೂ ಇಲ್ಲದಿದ್ದರೆ ಅವತ್ತು ತಿಂದ ತಿಂಡಿಯ ಹೆಸರು ಬರೆದರೂ ಆಯಿತು.

ಆ ಶನಿವಾರ ಡಬ್ಬ ತುಂಬಿತು. ಅರ್ಧದಷ್ಟು ಚೀಟಿಗಳಲ್ಲಿ ಅಕ್ಕಿರೊಟ್ಟಿ, ಉಪ್ಪಿಟ್ಟು. ಉಳಿದವುಗಳಲ್ಲಿ ಇಂಥವು: ‘ನನ್ನ ಫ್ರೆಂಡ್ಸ್‌ಗೆಲ್ಲ ಆಗಿದೆ, ನನಗೆ ಮಾತ್ರ ಯಾಕೆ ಆಗಿಲ್ಲ?’ ‘ನಾನು ಹುಡುಗ, ನನ್ನ ಎದೆಯಲ್ಲಿ ಗಂಟು ಇದೆ, ಮುಟ್ಟಿದರೆ ನೋಯುತ್ತೆ, ಕ್ಯಾನ್ಸರಾ?’ ‘ಮುಟ್ಟಾದವರು ಉಪ್ಪಿನಕಾಯಿ ಮುಟ್ಟಿದರೆ ನಿಜವಾಗ್ಲೂ ಕೆಡುತ್ತಾ?’ ‘ನನ್ನ ದನಿ ಯಾಕೆ ಹೀಗಾಯ್ತು?’ ಒಂದು ಚೀಟಿಯಲ್ಲಿ ಬರೀ ಇಷ್ಟೇ ಇತ್ತು: ‘ಮಿಸ್, ನಾನು ಸರಿ ಇದ್ದೀನಾ?’

ನಾನು ಹಾಸನ ಜಿಲ್ಲೆಯ ಸಕಲೇಶಪುರದ ಕಡೆ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೆಲವು ಮಕ್ಕಳು ಎಸ್ಟೇಟಿನ ಲೈನ್ ಮನೆಗಳಿಂದ ಬರುತ್ತಾರೆ, ಕೆಲವರು ಸಣ್ಣ ಬೆಳೆಗಾರರ ಮನೆಯವರು. ಚೀಟಿಗಳನ್ನು ಓದಿ ಓದಿ ನನಗೆ ಒಂದು ಅರ್ಥವಾಗಿದೆ. ಕೇಳುವ ಮಾತು ಬೇರೆ ಬೇರೆ, ಒಳಗಿರುವ ಭಯ ಒಂದೇ. ಎಲ್ಲರೂ ಸರಿ ಇದ್ದಾರೆ, ನನ್ನೊಬ್ಬಳ ಮೈಯಲ್ಲಿ, ನನ್ನೊಬ್ಬನ ಮೈಯಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅನ್ನುವ ಭಯ. ಅದು ಹೋಗಬೇಕಾದರೆ ಮಗುವಿಗೆ ಎರಡು ಸಿಗಬೇಕು. ಒಂದು, ಮೈಯಲ್ಲಿ ಏನಾಗುತ್ತಿದೆ ಅನ್ನುವ ನಿಜವಾದ ವಿವರ. ಇನ್ನೊಂದು, ಅದನ್ನು ಕೇಳುವುದಕ್ಕೆ ಮಾತು. ಮಾತಿನದ್ದೇ ದೊಡ್ಡ ಸಮಸ್ಯೆ, ಅದನ್ನೇ ಮೊದಲು ಹೇಳುತ್ತೇನೆ.

ಹೆಸರಿಲ್ಲದ್ದನ್ನು ಕೇಳುವುದು ಹೇಗೆ?

ನಾನು ಓದುವಾಗ ಹೈಸ್ಕೂಲಿನಲ್ಲಿ ಈ ಪಾಠ ಬಂದಾಗ ನಮ್ಮ ಮೇಷ್ಟ್ರು ನಾಲ್ಕು ಹಾಳೆ ಒಟ್ಟಿಗೆ ಮಗುಚಿ, ‘ಇದನ್ನ ಮನೇಲಿ ಓದ್ಕೊಳ್ಳಿ’ ಅಂದಿದ್ದರು. ಅದಕ್ಕೆ ಎಷ್ಟೋ ಮೊದಲೇ, ಆರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಅಜ್ಜಿ ಮನೆಯಲ್ಲಿ ನನಗೆ ಮುಟ್ಟು ಶುರುವಾಗಿತ್ತು. ಹೊಟ್ಟೆಯೊಳಗೆ ಎಲ್ಲೋ ಗಾಯವಾಗಿದೆ ಎಂದುಕೊಂಡು ಮಧ್ಯಾಹ್ನದವರೆಗೂ ಯಾರಿಗೂ ಹೇಳದೆ ಕೊಟ್ಟಿಗೆ ಹಿಂದೆ ಕೂತಿದ್ದೆ. ಹೇಳಬೇಕೆಂದರೂ ಏನಂತ ಹೇಳಲಿ? ನನ್ನ ಬಳಿ ಅದಕ್ಕೆ ಒಂದು ಪದವೂ ಇರಲಿಲ್ಲ.

ನಮ್ಮ ಕಡೆ ಮುಟ್ಟಿಗೆ ಎಷ್ಟೊಂದು ಹೆಸರು ನೋಡಿ. ದೊಡ್ಡೋಳಾದ್ಲು, ಮೈನೆರೆದಳು, ಹೊರಗಾಗಿದ್ದಾಳೆ, ದೂರ ಕೂತಿದ್ದಾಳೆ, ರಜ, ಈಗೀಗ ಡೇಟು. ಹೆಚ್ಚಿನವು ವಿಷಯವನ್ನು ಮುಚ್ಚುವುದಕ್ಕೇ ಹುಟ್ಟಿದವು. ಹುಡುಗರ ವಿಷಯಕ್ಕೆ ಬಂದರೆ ಅಷ್ಟೂ ಇಲ್ಲ. ಹುಡುಗಿ ದೊಡ್ಡವಳಾದರೆ ಒಸಗೆ ಮಾಡುತ್ತೇವೆ, ಆರತಿ ಎತ್ತುತ್ತೇವೆ, ಸೋದರಮಾವ ಬರುತ್ತಾನೆ. ಹುಡುಗ ದೊಡ್ಡವನಾದ ಎಂದು ಯಾರೂ ಹೇಳುವುದಿಲ್ಲ. ಅವನ ಮೈಯಲ್ಲೂ ಅಷ್ಟೇ ಬದಲಾವಣೆ ಆಗುತ್ತಿರುತ್ತದೆ, ಅದಕ್ಕೆ ಮನೆಯಲ್ಲಿ ಒಂದು ಮಾತೂ ಇಲ್ಲ. ಮೈಯ ಭಾಗಗಳಿಗೆ ಅವನಿಗೆ ಗೊತ್ತಿರುವ ಕನ್ನಡವೆಲ್ಲ ಬೈಗುಳದ ಕನ್ನಡ. ಪುಸ್ತಕದಲ್ಲಿರುವುದು ಬಾಯಿ ತಿರುಗದ ಸಂಸ್ಕೃತ. ಮಗುವಿಗೆ ಬೇಕಾದ ಮಾತು ಇವೆರಡರ ನಡುವೆ ಎಲ್ಲೋ ಕಳೆದುಹೋಗಿದೆ.

ಅದಕ್ಕೇ ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಬೋರ್ಡಿನ ಮೇಲೆ ಹೆಸರುಗಳನ್ನು ಬರೆಯುತ್ತೇನೆ. ಶ್ವಾಸಕೋಶ, ಮೂತ್ರಪಿಂಡ, ಸ್ತನ, ಗರ್ಭಕೋಶ, ಅಂಡಾಶಯ, ಯೋನಿ, ಶಿಶ್ನ, ವೃಷಣ. ಮೂರನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತದೆ. ನಗಲಿ ಎಂದು ಬಿಡುತ್ತೇನೆ. ಐದು ನಿಮಿಷದಲ್ಲಿ ನಗು ತಾನಾಗಿ ಮುಗಿಯುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ, ಜೋರಾಗಿ, ಎರಡು ಸಲ ಓದುತ್ತೇವೆ. ಎರಡನೇ ಸಲ ಓದುವಾಗ ‘ಮೂತ್ರಪಿಂಡ’ಕ್ಕೂ ‘ವೃಷಣ’ಕ್ಕೂ ದನಿಯಲ್ಲಿ ವ್ಯತ್ಯಾಸ ಇರುವುದಿಲ್ಲ. ಅಲ್ಲಿಂದ ಮುಂದೆ ಪಾಠ ಸಲೀಸು.

ಹೂ ಮಳೆ ಬಿದ್ದ ಹಾಗೆ

ಇದೆಲ್ಲ ಶುರುವಾಗುವುದು ಮಿದುಳಿನಲ್ಲಿ. ಇದನ್ನು ಕೇಳಿದಾಗ ಮಕ್ಕಳಿಗೆ ತುಂಬಾ ಆಶ್ಚರ್ಯ. ಮಿದುಳಿನ ಬುಡದಲ್ಲಿ ಬಾದಾಮಿ ಗಾತ್ರದ ಹೈಪೊಥಲಾಮಸ್ ಎಂಬ ಭಾಗ ಇದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಹೈಪೊಥಲಾಮಸ್‌ನಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಆಗಾಗ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಅದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ರಕ್ತದ ಮೂಲಕ ಹುಡುಗಿಯರ ಅಂಡಾಶಯಕ್ಕೆ, ಹುಡುಗರ ವೃಷಣಕ್ಕೆ ಸುದ್ದಿ ಕಳಿಸುತ್ತದೆ. ಅಲ್ಲಿ ಈಸ್ಟ್ರೋಜನ್, ಟೆಸ್ಟೋಸ್ಟಿರಾನ್ ತಯಾರಾಗಿ ಮೈಯೆಲ್ಲ ಹರಿಯುತ್ತವೆ. ಎದೆ, ಮೂಳೆ, ದನಿ, ಚರ್ಮ, ಕೂದಲು ಎಲ್ಲ ಕಡೆ ಕೆಲಸ ಶುರು.

ನಮ್ಮ ಮಕ್ಕಳಿಗೆ ಇದನ್ನು ಹೇಳಲು ಕಾಫಿ ಗಿಡಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಚಳಿಗಾಲದಲ್ಲೇ ಮೊಗ್ಗು ಕಟ್ಟಿರುತ್ತದೆ, ಆದರೆ ಸುಮ್ನೆ ಮಲಗಿರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಮಳೆ ಹೊಸದಾಗಿ ಏನನ್ನೂ ತಂದು ಅಂಟಿಸಲಿಲ್ಲ. ಒಳಗೆ ಮಲಗಿದ್ದನ್ನು ಎಬ್ಬಿಸಿತು, ಅಷ್ಟೇ. ನಮ್ಮ ಮೈಯಲ್ಲೂ ಹಾಗೇ. ಹುಟ್ಟಿದ ಮೊದಲ ಕೆಲವು ತಿಂಗಳು ಹೈಪೊಥಲಾಮಸ್‌ನ ಆ ಜಿಎನ್‌ಆರ್‌ಎಚ್ ಹಾರ್ಮೋನು ಎಚ್ಚರವಾಗಿದ್ದು, ಆಮೇಲೆ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ಮತ್ತೆ ಏಳುವುದು ಹೆಚ್ಚಾಗಿ ರಾತ್ರಿ ಹೊತ್ತು, ಮಗು ಮಲಗಿದ್ದಾಗ. ಹೊರಗೆ ಏನೂ ಕಾಣುವ ಮೊದಲೇ ಒಳಗೆ ಮಳೆ ಶುರುವಾಗಿರುತ್ತದೆ.

ಮನುಷ್ಯರಿಗೆ ಇದು ಗೊತ್ತಾಗಿ ಜಾಸ್ತಿ ಕಾಲವೇನೂ ಆಗಿಲ್ಲ. ಈ ಹಾರ್ಮೋನಿನ ರಚನೆ ತಿಳಿದದ್ದು 1971ರಲ್ಲಿ. ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯೆಮಾನ್ ಎಂಬ ಇಬ್ಬರು ವಿಜ್ಞಾನಿಗಳು ಲಕ್ಷಾಂತರ ಹಂದಿ, ಕುರಿಗಳ ಮಿದುಳಿನಿಂದ ಇಂಥ ಹಾರ್ಮೋನುಗಳನ್ನು ಚೂರು ಚೂರೇ ಬೇರ್ಪಡಿಸಿದರು. 1977ರಲ್ಲಿ ಅವರಿಗೆ ನೊಬೆಲ್ ಬಂತು. ಹೈಪೊಥಲಾಮಸ್ ಅನ್ನು ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು 2003ರಲ್ಲಿ. ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಸಂದೇಶ ಮುಟ್ಟದ ಮಕ್ಕಳಲ್ಲಿ ಹರೆಯ ಶುರುವಾಗುವುದೇ ಇಲ್ಲ ಎಂದು ಆಗ ಕಂಡುಬಂತು. ಈ ವಸ್ತುವಿನ ಜೀನ್ 1996ರಲ್ಲಿ ಅಮೆರಿಕದ ಹರ್ಷಿ ಎಂಬ ಊರಿನಲ್ಲಿ ಪತ್ತೆಯಾಗಿತ್ತು. ಆ ಊರಿನ ‘ಕಿಸಸ್’ ಎಂಬ ಚಾಕೊಲೇಟಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಚಾಕೊಲೇಟ್ ಅಂದ ತಕ್ಷಣ ತರಗತಿ ಕಿವಿ ನೆಟ್ಟಗೆ ಮಾಡುತ್ತದೆ.

ಯಾರಿಗೆ ಯಾವಾಗ?

ಹುಡುಗಿಯರಲ್ಲಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳತಿಯರ ನಡುವೆ ನಾಲ್ಕು ವರ್ಷದ ಅಂತರ ಇದ್ದರೂ ಇಬ್ಬರೂ ಸರಿಯಾಗೇ ಇದ್ದಾರೆ. ಡಿಸೆಂಬರಿನಲ್ಲಿ ಅರೇಬಿಕಾ ಕೊಂಬೆ ನೋಡಿ. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಕೆಂಪಗೆ, ಪಕ್ಕದ್ದು ಹಳದಿ, ಇನ್ನೊಂದು ಹಸಿರು. ಅದಕ್ಕೇ ತಾನೇ ಎರಡು ಮೂರು ಸುತ್ತು ಹಣ್ಣು ಕೊಯ್ಯುವುದು? ಹಸಿರಿದ್ದದ್ದು ಕೆಟ್ಟ ಕಾಯಿ ಎಂದು ಯಾರೂ ಎಸೆಯುವುದಿಲ್ಲ.

ಯಾರಿಗೆ ಬೇಗ, ಯಾರಿಗೆ ತಡ ಎನ್ನುವುದರಲ್ಲಿ ಅಪ್ಪ ಅಮ್ಮನಿಂದ ಬಂದ ಗುಣಕ್ಕೆ ದೊಡ್ಡ ಪಾಲಿದೆ. ಊಟಕ್ಕೂ ಇದೆ. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟಬೇಕು. ತೀರಾ ತೆಳ್ಳಗಿರುವ ಮಕ್ಕಳಿಗೆ ಸ್ವಲ್ಪ ತಡವಾಗುವುದು ಇದರಿಂದಲೇ. ನಮ್ಮ ಅಜ್ಜಿಯರ ಕಾಲಕ್ಕಿಂತ ಈಗ ಬೇಗ ಆಗುತ್ತಿದೆ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದು ಬರೀ ಮಾತಲ್ಲ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಹದಿನಾರು, ಹದಿನೇಳಕ್ಕೆ ಆಗುತ್ತಿದ್ದ ಮೊದಲ ಮುಟ್ಟು ಊಟ, ಆರೋಗ್ಯ ಸುಧಾರಿಸಿದ ಹಾಗೆ ಹದಿಮೂರರ ಆಸುಪಾಸಿಗೆ ಇಳಿಯಿತು.

ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಎದೆಯಲ್ಲಿ ಸಣ್ಣ ಗಟ್ಟಿ ಮೊಗ್ಗು. ಒಂದು ಕಡೆ ಮೊದಲು, ಇನ್ನೊಂದು ಕಡೆ ತಿಂಗಳುಗಳ ನಂತರ ಬರಬಹುದು. ಅದಾಗಿ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. ಹುಡುಗರಲ್ಲಿ ಮೊದಲು ವೃಷಣ ದೊಡ್ಡದಾಗುತ್ತದೆ. ಮೀಸೆ, ದನಿ ಎಲ್ಲ ಆಮೇಲಿನವು. ಇಬ್ಬರಲ್ಲೂ ಕಂಕುಳಲ್ಲಿ, ಕೆಳಭಾಗದಲ್ಲಿ ಕೂದಲು ಬರುತ್ತದೆ, ಬೆವರಿನ ವಾಸನೆ ಬದಲಾಗುತ್ತದೆ, ಮುಖದಲ್ಲಿ ಎಣ್ಣೆ ಜಾಸ್ತಿಯಾಗಿ ಮೊಡವೆ ಏಳುತ್ತವೆ. ಮೊಡವೆಯನ್ನು ಹಿಸುಕಬೇಡಿ, ದಿನಕ್ಕೆ ಎರಡು ಸಲ ಮೆದುವಾದ ಸೋಪಿನಲ್ಲಿ ಮುಖ ತೊಳೆಯಿರಿ. ಕಲೆ ಬೀಳುವಷ್ಟು ಜಾಸ್ತಿಯಾದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಡಿಯ ಬಿಳುಪಿನ ಕ್ರೀಮಿನಿಂದ ಹೋಗುವುದಲ್ಲ ಅದು.

ಸ್ಟಾಫ್ ರೂಮಿನ ಬಾಗಿಲ ಚೌಕಟ್ಟಿನ ಮೇಲೆ ನಾವು ಜೂನಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಮಕ್ಕಳ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತೇವೆ. ಆರನೇ ತರಗತಿಯ ಗುರುತುಗಳಲ್ಲಿ ಹುಡುಗಿಯರೇ ಮೇಲೆ. ಹುಡುಗಿಯರ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಜಿಗಿತದ ವರ್ಷದಲ್ಲಿ ಹುಡುಗಿಯರು 8 ಸೆಂಟಿಮೀಟರಿನಷ್ಟು, ಹುಡುಗರು 9 ರಿಂದ 10 ಸೆಂಟಿಮೀಟರಿನಷ್ಟು ಬೆಳೆಯಬಹುದು. ಮೊದಲು ಉದ್ದವಾಗುವುದು ಕೈಕಾಲು. ಜೂನಿನಲ್ಲಿ ಸ್ಕೂಲಿನಿಂದ ಕೊಟ್ಟ ಶೂ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕಚ್ಚುತ್ತದೆ, ಮಗು ಹೇಳುವುದಿಲ್ಲ, ಹಿಮ್ಮಡಿ ಮೆಟ್ಟಿ ಚಪ್ಪಲಿಯ ಹಾಗೆ ಎಳೆದುಕೊಂಡು ನಡೆಯುತ್ತದೆ. ‘ಸೋಮಾರಿ, ಶೂ ಸರಿಯಾಗಿ ಹಾಕ್ಕೊ’ ಎಂದು ಗದರುವ ಮೊದಲು ಒಮ್ಮೆ ಪಾದ ನೋಡಿ.

ಹುಡುಗರ ಚೀಟಿಗಳು

ಎದೆಯಲ್ಲಿ ಗಂಟು ಇದೆ ಎಂದ ಆ ಹುಡುಗನ ಚೀಟಿಯನ್ನು ನಾನು ಎಲ್ಲಕ್ಕಿಂತ ಮೊದಲು ಓದಿದೆ. ಪಾಪ, ಎಷ್ಟು ದಿನದಿಂದ ಒಬ್ಬನೇ ಹೆದರುತ್ತಿದ್ದನೋ. ಹರೆಯದಲ್ಲಿ ಸರಿಸುಮಾರು ಅರ್ಧದಷ್ಟು ಹುಡುಗರಿಗೆ ಮೊಲೆತೊಟ್ಟಿನ ಹಿಂದೆ ಹೀಗೆ ಗಟ್ಟಿಯಾಗಿ, ಮುಟ್ಟಿದರೆ ನೋವಾಗುತ್ತದೆ. ಹಾರ್ಮೋನುಗಳು ಇನ್ನೂ ಸಮಕ್ಕೆ ಬಂದಿರುವುದಿಲ್ಲ, ಅದಕ್ಕೆ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ತುಂಬಾ ದೊಡ್ಡದಾದರೆ, ನೀರು ಸೋರಿದರೆ, ಎರಡು ವರ್ಷ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದನ್ನು ಹೇಳಿದಾಗ ಆ ಹುಡುಗ ಯಾರು ಎಂದು ನಾನು ಹುಡುಕಲಿಲ್ಲ. ಅವತ್ತು ನಾಲ್ಕೈದು ಹುಡುಗರ ಭುಜ ಒಟ್ಟಿಗೆ ಸಡಿಲವಾದದ್ದು ಮಾತ್ರ ಕಂಡೆ.

ದನಿಯ ವಿಷಯ. ದಿನಾ ಪ್ರಾರ್ಥನೆ ಹಾಡಿಸುತ್ತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ‘ನಂಗೆ ಶೀತ ಮಿಸ್’ ಎಂದು ಹಿಂದಿನ ಸಾಲಿಗೆ ಹೋಗಿ ನಿಂತ. ಆ ಶೀತ ಎರಡು ತಿಂಗಳು ಹೋಗಲಿಲ್ಲ. ಟೆಸ್ಟೋಸ್ಟಿರಾನ್ ಜಾಸ್ತಿಯಾದಾಗ ಗಂಟಲಿನ ದನಿಪೆಟ್ಟಿಗೆ ದೊಡ್ಡದಾಗುತ್ತದೆ. ಒಳಗಿನ ದನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ತಂಬೂರಿಯ ದಪ್ಪ ತಂತಿಯ ದನಿ ತಗ್ಗು ತಾನೇ, ಹಾಗೆ. ಹೊಸ ಪೆಟ್ಟಿಗೆ ಮಿದುಳಿಗೆ ರೂಢಿಯಾಗುವವರೆಗೆ ಕೆಲವು ತಿಂಗಳು ದನಿ ಮಧ್ಯದಲ್ಲಿ ಒಡೆಯುತ್ತದೆ. ಹಾಡುವುದನ್ನು ನಿಲ್ಲಿಸಬೇಕಾಗಿಲ್ಲ, ತಗ್ಗಿನ ಶ್ರುತಿಯಲ್ಲಿ ಹಾಡಬೇಕು ಅಷ್ಟೇ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಸ್ವಲ್ಪ.

ಇನ್ನೊಂದು ಚೀಟಿ ತುಂಬಾ ಸಲ ಮಡಚಿತ್ತು. ‘ರಾತ್ರಿ ಚಡ್ಡಿ ಒದ್ದೆಯಾಗುತ್ತೆ, ಆದರೆ ಉಚ್ಚೆ ಅಲ್ಲ.’ ಇದಕ್ಕೆ ಸ್ವಪ್ನಸ್ಖಲನ ಎನ್ನುತ್ತಾರೆ. ಹರೆಯದಲ್ಲಿ ವೃಷಣಗಳು ವೀರ್ಯಾಣುಗಳನ್ನು ತಯಾರಿಸಲು ಶುರು ಮಾಡುತ್ತವೆ. ನಿದ್ದೆಯಲ್ಲಿ ವೀರ್ಯ ತಾನಾಗಿ ಹೊರಬರಬಹುದು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ, ಎರಡೂ ಸರಿ. ಎದ್ದು ತೊಳೆದುಕೊಂಡು ಬಟ್ಟೆ ಬದಲಿಸಿದರೆ ಮುಗಿಯಿತು. ‘ಧಾತು ಹೋಗುತ್ತೆ, ಶಕ್ತಿ ಇಳಿಯುತ್ತೆ, ಒಂದು ಹನಿಗೆ ನಲವತ್ತು ಹನಿ ರಕ್ತ’ ಎನ್ನುವುದೆಲ್ಲ ಸುಳ್ಳು. ಬೆಳೆದ ಗಂಡಸಿನ ಮೈ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ರಕ್ತಕ್ಕೂ ಅದಕ್ಕೂ ಲೆಕ್ಕವಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ‘ಗುಪ್ತ ಸಮಸ್ಯೆ’ಗೆ ಔಷಧಿ ಎಂದು ಅಂಟಿಸುತ್ತಾರಲ್ಲ, ಆ ವ್ಯಾಪಾರ ನಡೆಯುವುದೇ ಹುಡುಗರಿಗೆ ಯಾರೂ ನಿಜ ಹೇಳದೇ ಇರುವುದರಿಂದ. ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ.

ನಾಲ್ಕು ಮುಚ್ಚಳ ಬೀಟ್‌ರೂಟ್ ನೀರು

ಮುಟ್ಟಿನ ಪಾಠಕ್ಕೆ ನಾನು ಮನೆಯಿಂದ ಎರಡು ವಸ್ತು ಒಯ್ಯುತ್ತೇನೆ. ಒಂದು ಸ್ಟೀಲ್ ಕಾಫಿ ಲೋಟ, ಒಂದು ಕೆಮ್ಮಿನ ಸಿರಪ್ಪಿನ 10 ಮಿಲಿಲೀಟರ್ ಅಳತೆ ಮುಚ್ಚಳ. ಜೊತೆಗೆ ಬಾಟಲಿಯಲ್ಲಿ ಬೀಟ್‌ರೂಟ್ ಬೇಯಿಸಿದ ನೀರು. ಒಂದು ಸಲದ ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ ಎಂದು ಕೇಳುತ್ತೇನೆ. ಒಂದು ಲೀಟರ್, ಎರಡು ಲೀಟರ್, ಒಂದು ಬಿಂದಿಗೆ ಅನ್ನುತ್ತಾರೆ. ಆಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದು ಎರಡೆರಡು ಮುಚ್ಚಳದಂತೆ ಲೋಟಕ್ಕೆ ಸುರಿಯುತ್ತಾರೆ. ಒಟ್ಟು ನಾಲ್ಕು ಮುಚ್ಚಳ, 40 ಮಿಲಿಲೀಟರ್. ಲೋಟದ ತಳದಲ್ಲಿ ಒಂದಿಷ್ಟು ಕಾಣುತ್ತದೆ, ಅಷ್ಟೇ. ಸಾಮಾನ್ಯವಾಗಿ ಎಲ್ಲಾ ದಿನ ಸೇರಿ ಹೋಗುವುದು 30ರಿಂದ 40 ಮಿಲಿಲೀಟರ್. 80 ದಾಟಿದರೆ ಜಾಸ್ತಿ ಎಂದು ಲೆಕ್ಕ. ಲೋಟ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಬಗ್ಗಿ ನೋಡುತ್ತಾರೆ.

ಅದು ಕೆಟ್ಟ ರಕ್ತವೂ ಅಲ್ಲ. ಪ್ರತಿ ತಿಂಗಳು ಗರ್ಭಕೋಶದ ಒಳಗೋಡೆ ಮೆತ್ತಗೆ, ದಪ್ಪಗೆ ಬೆಳೆಯುತ್ತದೆ. ಮಗು ಕೂರುವುದಾದರೆ ಇರಲಿ ಎಂದು ಹಾಸಿದ ಹಾಸಿಗೆ. ಕೂರಲಿಲ್ಲ ಎಂದಾಗ ಹಾರ್ಮೋನು ಇಳಿಯುತ್ತದೆ, ಹಾಸಿಗೆ ಕಳಚಿ ರಕ್ತದ ಜೊತೆ ಹೊರಬರುತ್ತದೆ. ಎರಡರಿಂದ ಏಳು ದಿನ ಇರಬಹುದು. ಮೊದಲ ಒಂದೆರಡು ವರ್ಷ ಅಂಡ ಪ್ರತಿ ತಿಂಗಳು ಬಿಡುಗಡೆ ಆಗುವುದಿಲ್ಲ, ಹಾಗಾಗಿ ದಿನಗಳೂ ಹೆಚ್ಚುಕಮ್ಮಿ. ಈ ವಯಸ್ಸಿನಲ್ಲಿ 21ರಿಂದ 45 ದಿನಕ್ಕೊಮ್ಮೆ ಆದರೆ ಚಿಂತೆ ಬೇಡ. ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಟ್ಟುಕೊಂಡರೆ ಒಳ್ಳೆಯದು.

ಅಂಡದ ಬಗ್ಗೆ ಒಂದು ಮಾತು ಹೇಳಿದರೆ ತರಗತಿ ಪೂರ್ತಿ ಮೌನ. ಹುಡುಗಿಗೆ ಬೇಕಾದ ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಹರೆಯದ ಹೊತ್ತಿಗೆ ಮೂರು ನಾಲ್ಕು ಲಕ್ಷ. ಅಂದರೆ ನೀವು ಯಾವ ಅಂಡದಿಂದ ಹುಟ್ಟಿದಿರೋ ಅದು ನಿಮ್ಮ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ಇತ್ತು.

ನೋವು ಯಾಕೆ? ಹಾಸಿಗೆ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಬಿಡುಗಡೆಯಾಗಿ ಗರ್ಭಕೋಶವನ್ನು ಹಿಂಡುತ್ತದೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಕೆಳಹೊಟ್ಟೆಗೆ ಇಟ್ಟರೆ ನಿಜವಾಗಿ ಕಡಿಮೆಯಾಗುತ್ತದೆ. ಆಟ ಆಡಬಹುದು, ತಲೆಗೆ ಸ್ನಾನ ಮಾಡಬಹುದು. ಸ್ಕೂಲಿಗೆ ಬರಲಾಗದಷ್ಟು ನೋವು ಪ್ರತಿ ತಿಂಗಳು ಬಂದರೆ ‘ಹೆಣ್ಣು ಅಂದ್ಮೇಲೆ ತಡ್ಕೋಬೇಕು’ ಎನ್ನದೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧಿ ಇದೆ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಂದರೆ ಇದೆ, ಬಯಲುಸೀಮೆಯವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾವ ಬಟ್ಟೆಯೂ ಒಣಗುವುದಿಲ್ಲ. ಬಟ್ಟೆ ಬಳಸುವ ಹುಡುಗಿಯರು ಅದನ್ನು ಯಾರಿಗೂ ಕಾಣದ ಹಾಗೆ ಬಚ್ಚಲ ಮೂಲೆಯಲ್ಲಿ, ಇನ್ನೊಂದು ಲಂಗದ ಅಡಿಯಲ್ಲಿ ಹರವುತ್ತಾರೆ. ಅರ್ಧ ಹಸಿ ಇದ್ದದ್ದನ್ನೇ ಮತ್ತೆ ಕಟ್ಟಿಕೊಳ್ಳುತ್ತಾರೆ. ಕೆರೆತ, ಹುಣ್ಣು ಬರುವುದು ಇದರಿಂದ. ಬಟ್ಟೆ ಕೆಟ್ಟದ್ದಲ್ಲ. ಮೆತ್ತನೆಯ ಹತ್ತಿ ಬಟ್ಟೆ, ಸೋಪಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿದ್ದಾದರೆ ಒಳ್ಳೆಯದೇ. ಮಳೆಗಾಲದಲ್ಲಿ ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ ಅಪ್ಪನ ಪಂಚೆ, ತಮ್ಮನ ಚಡ್ಡಿಯ ಪಕ್ಕದಲ್ಲೇ ಅದೂ ಒಣಗಲಿ. ಆಮೇಲೆ ಇಸ್ತ್ರಿ ಹಾಕಿದರೆ ಇನ್ನೂ ಒಳ್ಳೆಯದು. ಸರ್ಕಾರಿ ಶಾಲೆಯ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡುತ್ತಾರೆ. ಪ್ಯಾಡಾಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, ಟಾಯ್ಲೆಟ್‌ಗೆ ಹಾಕಿದರೆ ಗುಂಡಿ ಕಟ್ಟಿಕೊಳ್ಳುತ್ತದೆ.

ಉಪ್ಪಿನಕಾಯಿ ಚೀಟಿಗೂ ಉತ್ತರ ಹೇಳಿದೆ. ಕೆಡುವುದಿಲ್ಲ. ಒದ್ದೆ ಕೈ ಹಾಕಿದರೆ ಯಾರ ಕೈಯಾದರೂ ಬೂಸ್ಟು ಹಿಡಿಯುತ್ತದೆ. ನಂಬದಿದ್ದರೆ ಮನೆಯಲ್ಲಿ ಒಂದು ಸಣ್ಣ ಬಾಟಲಿಯಲ್ಲಿ ಪರೀಕ್ಷೆ ಮಾಡಿ ಅಂದೆ. ಇಬ್ಬರು ಮಾಡಿ ತಂದರು. ಊಟದ ಹೊತ್ತಿಗೆ ಬಾಟಲಿ ಖಾಲಿ.

ಒಸಗೆಯನ್ನು ನಾನು ಬೈಯುವುದಿಲ್ಲ. ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪ ಹಾಕಿ ತಿನ್ನಿಸುವುದು ಬೆಳೆಯುವ ಮೈಗೆ ಒಳ್ಳೆಯದೇ. ಹಿರಿಯ ಹೆಂಗಸರು ಹಾಡು ಹೇಳುತ್ತಾ ಹುಡುಗಿಯನ್ನು ನಡುವೆ ಕೂರಿಸಿಕೊಳ್ಳುವುದು ಎಷ್ಟು ಚಂದ. ಆದರೆ ಅದರ ಬೆನ್ನಿಗೇ ‘ದೂರ ಕೂರು’ ಬರುತ್ತದೆ. ಕಡೂರು, ಅರಸೀಕೆರೆ ಕಡೆಯ ಕೆಲವು ಹಟ್ಟಿಗಳಲ್ಲಿ ಹೆಂಗಸರನ್ನು ಆ ದಿನಗಳಲ್ಲಿ ಊರ ಹೊರಗೆ ಇರಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಚಳಿ, ಹಾವು, ಕತ್ತಲೆ. ಹನ್ನೆರಡು ವರ್ಷದ ಮಗುವಿಗೆ ಮೈಯ ಬಗ್ಗೆ ಸಿಗುವ ಮೊದಲ ಪಾಠ ಇದಾಗಬಾರದು. ಆರತಿ ಎತ್ತಿದ ಕೈಯಲ್ಲೇ ಒಳಗೆ ಹಾಸಿಗೆ ಹಾಸಿಕೊಟ್ಟರೆ ಯಾವ ದೇವರೂ ಕೋಪ ಮಾಡಿಕೊಳ್ಳುವುದಿಲ್ಲ.

ಕಾಫಿ ಜಿಲ್ಲೆಯ ಮಕ್ಕಳಿಗೆ ಒಂದು ಮಾತು

ವಾರಕ್ಕೊಂದು ನೀಲಿ ಮಾತ್ರೆ ಶಾಲೆಯಲ್ಲಿ ಕೊಡುತ್ತೇವೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. 10ರಿಂದ 19 ವರ್ಷದ ಹುಡುಗ ಹುಡುಗಿಯರಿಬ್ಬರಿಗೂ. ಮೈ ಬೆಳೆಯುವಾಗ ರಕ್ತವೂ ಹೆಚ್ಚಬೇಕು, ಅದಕ್ಕೆ ಕಬ್ಬಿಣ ಬೇಕು. ಹುಡುಗಿಯರಿಗೆ ಮುಟ್ಟಿನಲ್ಲಿ ಹೋದದ್ದನ್ನೂ ತುಂಬಿಸಬೇಕು. ಖಾಲಿ ಹೊಟ್ಟೆಗೆ ಬೇಡ, ಊಟ ಆದ ಮೇಲೆ ನುಂಗಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯಲ್ಲಿ ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ. ಆದರೆ ಮಾತ್ರೆ ನುಂಗಿ ಮೇಲೆ ಒಂದು ಲೋಟ ಕಾಫಿ ಕುಡಿದರೆ ಮಾತ್ರೆ ಅರ್ಧ ದಂಡ. ಕಾಫಿ, ಟೀಯಲ್ಲಿರುವ ಕೆಲವು ಅಂಶಗಳು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆ ಬಿಡಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ, ನೆಲ್ಲಿಕಾಯಿ ತಿನ್ನಿ. ಹುಳಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ.

ನಿದ್ದೆಯೂ ಬದಲಾಗುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ಒಂದೆರಡು ಗಂಟೆ ತಡವಾಗಿ ಏರುತ್ತದೆ, ಆದರೆ ಮೈಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ಬೆಳಗ್ಗೆ ಏಳದ ಮಗು ಸೋಮಾರಿ ಅಲ್ಲ. ರಾತ್ರಿ ಮೊಬೈಲ್ ದೂರ ಇಡಿ, ಅರ್ಧ ಸಮಸ್ಯೆ ಹೋಗುತ್ತದೆ. ಸಿಟ್ಟು, ಅಳು ಸುಮ್ನೆ ಬರುವುದೂ ಹೀಗೇ. ಭಾವನೆಯ ಭಾಗ ಮಿದುಳಿನಲ್ಲಿ ಬೇಗ ಚುರುಕಾಗುತ್ತದೆ, ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಆಗುತ್ತದೆ.

ಒಟ್ಟಿಗೋ, ಬೇರೆ ಬೇರೆಯೋ?

ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳಿ ಎನ್ನುವ ಪೋಷಕರು ಇದ್ದಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ನಾನು ಮಾಡುವುದು ಹೀಗೆ: ಪಾಠ ಎಲ್ಲರಿಗೂ ಒಟ್ಟಿಗೆ, ಕೊನೆಯ ಅರ್ಧ ಗಂಟೆ ಬೇರೆ ಬೇರೆ. ಒಟ್ಟಿಗೆ ಕೇಳದಿದ್ದರೆ ಕಾಂಪೌಂಡಿನಲ್ಲಿ ಆಡುತ್ತಿರುವ ಹುಡುಗರು ಒಳಗಿನದ್ದನ್ನು ಊಹಿಸುತ್ತಾರೆ, ಊಹಿಸಿದ್ದನ್ನು ಗೇಲಿ ಮಾಡುತ್ತಾರೆ. ನಮ್ಮ ಪ್ಯಾಡ್ ಕಪಾಟಿನ ಬೀಗದ ಕೈ ಮೊದಲು ನನ್ನ ಬ್ಯಾಗಿನಲ್ಲಿ ಇರುತ್ತಿತ್ತು. ಕಳೆದ ವರ್ಷ ಒಂದು ಮಧ್ಯಾಹ್ನ ಆರನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಏನೂ ಹೇಳದೆ ನಿಂತಳು. ನಾನು ಏಳುವ ಮೊದಲೇ ಏಳನೇ ತರಗತಿಯ ಹುಡುಗ ಬಂದು, ‘ಮಿಸ್, ಬೀಗದ ಕೈ ಕೊಡಿ, ಅವಳಿಗೆ ಬೇಕಂತೆ’ ಎಂದು ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟು ಮತ್ತೆ ಕಬಡ್ಡಿಗೆ ಓಡಿದ. ಈಗ ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ.

ಡಾಕ್ಟರಿಗೆ ಯಾವಾಗ? ಹುಡುಗಿಯರಿಗೆ 8ಕ್ಕೆ ಮೊದಲೇ, ಹುಡುಗರಿಗೆ 9ಕ್ಕೆ ಮೊದಲೇ ಬದಲಾವಣೆ ಶುರುವಾದರೆ. ಹುಡುಗಿಗೆ 13 ತುಂಬಿದರೂ ಎದೆ ಬೆಳೆಯದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ. ಹುಡುಗನಿಗೆ 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ. ಗಂಟೆಗೊಂದು ಎರಡು ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಏಳು ದಿನ ದಾಟಿದರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಯಸ್ಸಿನವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಅದು. ಚೀಟಿ ಮಾಡಿಸುವಲ್ಲಿ ಎಲ್ಲರೆದುರು ಕಾರಣ ಹೇಳಬೇಕಾಗಿಲ್ಲ, ‘ಸ್ನೇಹ ಕ್ಲಿನಿಕ್‌ಗೆ’ ಅಂದರೆ ಸಾಕು. ಆಶಾ ಅಕ್ಕನನ್ನು ಕೇಳಿದರೂ ದಾರಿ ಹೇಳುತ್ತಾರೆ.

ಇನ್ನೊಂದನ್ನು ಪ್ರತಿ ಸಲ ಹೇಳುತ್ತೇನೆ. ನಿಮ್ಮ ಮೈಯನ್ನು ಯಾರಾದರೂ ನಿಮಗೆ ಇಷ್ಟವಿಲ್ಲದ ಹಾಗೆ ಮುಟ್ಟಿದರೆ, ಫೋಟೊ ಕೇಳಿದರೆ, ‘ಯಾರಿಗೂ ಹೇಳ್ಬೇಡ’ ಅಂದರೆ, ಅವರು ನೆಂಟರಾಗಿರಲಿ, ಮೇಷ್ಟ್ರಾಗಿರಲಿ, ತಪ್ಪು ನಿಮ್ಮದಲ್ಲ. ನಂಬುವ ದೊಡ್ಡವರಿಗೆ ಹೇಳಿ. 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಕಾಗಿಲ್ಲ. ಮಕ್ಕಳನ್ನು ಕಾಪಾಡಲೆಂದೇ 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ. ಹುಡುಗರಿಗೂ ಅದು ಅನ್ವಯಿಸುತ್ತದೆ. ಮೈಯ ಭಾಗಗಳ ಹೆಸರು ನೆಟ್ಟಗೆ ಹೇಳಲು ಬರುವ ಮಗುವೇ ಇದನ್ನೂ ನೆಟ್ಟಗೆ ಹೇಳುತ್ತದೆ.

ಪೋಷಕರ ಸಭೆಯಲ್ಲಿ ಅಪ್ಪಂದಿರು ಕೊನೆಗೆ ಹತ್ತಿರ ಬಂದು, ‘ನಮಗೆ ಮಾತು ಶುರು ಮಾಡೋಕೇ ಬರಲ್ಲ ಮೇಡಂ’ ಅನ್ನುತ್ತಾರೆ. ಎದುರು ಕೂರಿಸಿಕೊಂಡು ಪಾಠ ಮಾಡಲು ಹೋಗಬೇಡಿ. ಜೊತೆಯಲ್ಲಿ ಕೆಲಸ ಮಾಡುವಾಗ ಹೇಳಿ. ಕಣದಲ್ಲಿ ಕಾಫಿ ಹರವುವಾಗ, ಬೈಕಿನಲ್ಲಿ ಸಂತೆಗೆ ಹೋಗುವಾಗ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಅದೇ ಸುಲಭ. ‘ದನಿ ಒಡೀತಾ ಇದೆ ಅಲ್ವಾ ಮಗಾ? ನಂಗೂ ಏಳನೇ ಕ್ಲಾಸಲ್ಲಿ ಹೀಗೇ ಆಗಿತ್ತು.’ ಇಷ್ಟು ಹೇಳಿ ಸುಮ್ಮನಿರಿ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳುತ್ತಾನೆ.